ಕ್ಯಾಲಸ್ ಮತ್ತು ಮರೆವು

ಅಂಗಳದ ಪಾಚಿಯಲ್ಲಿ ಜಾರಿ ಅಪ್ಪ ಕಾಲು ಮುರಿದುಕೊಂಡ ಆರನೇ ವಾರ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಮೂಳೆಯ ಸುತ್ತ ಮೋಡದಂತೆ ಕಟ್ಟಿಕೊಂಡ ಗಂಟು ತೋರಿಸಿ, "ಕ್ಯಾಲಸ್ ಚೆನ್ನಾಗಿ ಬಂದಿದೆ" ಅಂದರು. ನನಗೆ ನಗು ಬಂತು. ನಾಲ್ಕು ವರ್ಷದಿಂದ ಲ್ಯಾಬಿನಲ್ಲಿ ನಾನು ಬೆಳೆಸುತ್ತಿರುವುದೂ ಕ್ಯಾಲಸ್ಸೇ.

ಎಲೆಯ ಚೂರನ್ನು ಹಾರ್ಮೋನು ಬೆರೆಸಿದ ಅಗರ್ ಮೇಲಿಟ್ಟರೆ, ಕೆಲವು ವಾರಗಳಲ್ಲಿ ಕತ್ತರಿಸಿದ ಅಂಚಿನಿಂದ ಆಕಾರವಿಲ್ಲದ ಮುದ್ದೆಯೊಂದು ಉಬ್ಬುತ್ತದೆ. 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ತಂಬಾಕಿನ ಅಂಗಾಂಶದಲ್ಲಿ ತೋರಿಸಿದರು: ಆಕ್ಸಿನ್ ಹೆಚ್ಚಿದ್ದರೆ ಬೇರು, ಸೈಟೊಕೈನಿನ್ ಹೆಚ್ಚಿದ್ದರೆ ಚಿಗುರು, ನಡುವಿನ ಪ್ರಮಾಣದಲ್ಲಿ ಬರೀ ಮುದ್ದೆ. ತಾನು ಎಲೆಯಾಗಿದ್ದೆ ಎಂಬುದನ್ನು ಜೀವಕೋಶ ಮರೆತಿದೆ, ಅದಕ್ಕೇ ಅದು ಮತ್ತೆ ಇಡೀ ಗಿಡವಾಗಬಲ್ಲದು ಎಂದು ನಮಗೆ ಪಾಠ ಹೇಳಿದ್ದರು. ಆ ಮಾತು ಬಹಳ ಹಿಡಿಸಿತ್ತು.

ನನ್ನ ಮದುವೆಯ ವಿಷಯಕ್ಕೆ ಅಪ್ಪ ನೆಂಟರೆದುರು, "ಇವಳು ಸತ್ತಳು ಅಂದುಕೊಳ್ತೀನಿ" ಅಂದು ಎರಡು ವರ್ಷವಾಗಿತ್ತು. ಅವರು ಬಿದ್ದ ದಿನ ಅಮ್ಮ ಫೋನಿನಲ್ಲಿ ಹೇಳಿದ್ದು ಒಂದೇ: "ಎಲ್ಲ ಮರೆತು ಬಾರೇ." ಬಂದೆ. ಮರೆತಿರಲಿಲ್ಲ. ಕ್ಷಮಿಸಲು ಮರೆಯಲೇಬೇಕೆ? ಮರೆಯಬೇಕಾದವರು ಯಾವಾಗಲೂ ನೊಂದವರೇ ಯಾಕೆ? ಆಡಿದವರಿಗೆ ನೆನಪಿಟ್ಟುಕೋ ಎಂದು ಯಾರೂ ಹೇಳುವುದಿಲ್ಲ.

ನಮ್ಮ ಪಾಠವೂ ಪೂರ್ತಿ ಸರಿಯಿರಲಿಲ್ಲ. 2010ರಲ್ಲಿ ಅರಬಿಡಾಪ್ಸಿಸ್ ಎಂಬ ಸಾಸಿವೆ ಜಾತಿಯ ಪುಟ್ಟ ಗಿಡದ ಮೇಲೆ ನಡೆದ ಅಧ್ಯಯನ, ಹೂವಿನ ದಳದಿಂದ ಬಂದ ಕ್ಯಾಲಸ್ಸೂ ಒಳಗೆ ಬೇರಿನ ತುದಿಯನ್ನೇ ಹೋಲುತ್ತದೆ ಎಂದು ತೋರಿಸಿತು. ಅದು ಖಾಲಿ ಹಲಗೆಯಲ್ಲ, ಪಕ್ಕಬೇರು ಒಡೆಯುವ ಹಳೆಯ ದಾರಿಯನ್ನೇ ಹಿಡಿದಿರುತ್ತದೆ. ಬಹುಕಾಲ ಮುದ್ದೆಯಾಗಿಯೇ ಇಟ್ಟರಂತೂ ವಂಶವಾಹಿಗಳಲ್ಲಿ ಏರುಪೇರಾಗುತ್ತದೆ, ಚಿಗುರುವ ಶಕ್ತಿಯೂ ಕುಂದುತ್ತದೆ. ತಳಿ ಕೆಡಬಾರದೆಂದೇ ಟಿಶ್ಯೂ ಕಲ್ಚರ್ ಬಾಳೆಯನ್ನು ಸಾಮಾನ್ಯವಾಗಿ ಕ್ಯಾಲಸ್ಸಿನ ಗೊಡವೆಯಿಲ್ಲದೆ ಕಂದಿನ ಸುಳಿಯಿಂದ ಬೆಳೆಸುತ್ತಾರೆ.

ಮೂಳೆಯ ರೀತಿ ಬೇರೆ. ಮೊದಲು ರಕ್ತ ಹೆಪ್ಪುಗಟ್ಟುತ್ತದೆ, ಆಮೇಲೆ ಮೆತ್ತನೆಯ ಮೃದ್ವಸ್ಥಿ, ಅದರ ಜಾಗದಲ್ಲಿ ಒರಟು ಮೂಳೆ. ತಟ್ಟೆ ಬಿಗಿದು ಕದಲದಂತೆ ಮಾಡಿದರೆ ಈ ಗಂಟು ಮೂಡುವುದೇ ಅಪರೂಪ. ತೀರಾ ಅಲುಗಾಡಿದರೆ ಮೂಳೆ ಕೂಡುವುದಿಲ್ಲ. ಗಂಟು ಬೆಳೆಯಲು ಒಂಚೂರು ಕದಲಿಕೆ ಬೇಕು. ಮುಂದೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಭಾರ ಬೀಳುವ ಕಡೆ ಮೂಳೆ ಗಟ್ಟಿಯಾಗುತ್ತದೆ, ಬೀಳದ ಕಡೆ ಸವೆಯುತ್ತದೆ. ಚರ್ಮಕ್ಕೆ ಕಲೆ ಉಳಿಯುತ್ತದೆ, ಮೂಳೆಗೆ ಎಷ್ಟೋ ಸಲ ಅದೂ ಉಳಿಯುವುದಿಲ್ಲ. ಜೀವಕೋಶಕ್ಕೆ ಅವಮಾನವಾಗುವುದಿಲ್ಲ, ಗೊತ್ತು. ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಆದರೂ ನನಗೀಗ ಎಲೆಗಿಂತ ಮೂಳೆಯ ಮೇಲೆ ನಂಬಿಕೆ ಜಾಸ್ತಿ.

ಅಪ್ಪ ಕ್ಷಮೆ ಕೇಳಿಲ್ಲ. ನಿನ್ನೆ ವಾಕರ್ ಹಿಡಿದು ಎದ್ದವರು, ಒಂದು ಕೈ ಬಿಟ್ಟು ನನ್ನ ಭುಜ ಹಿಡಿದರು.

"ಎಷ್ಟು ಭಾರ ಹಾಕಬಹುದಂತೆ?"

"ಸ್ವಲ್ಪ ಸ್ವಲ್ಪ. ನೋವಾದ್ರೆ ಹೇಳಪ್ಪಾ."

ಅಂಗಳದವರೆಗೆ ಹೋಗಿಬಂದೆವು. ಪಾಚಿಯನ್ನು ಯಾರೋ ಕೆರೆದು ತೆಗೆದಿದ್ದರು.