ಪೈಪಿನೊಳಗಿನ ಪರಸಿ

ಶಹಾಬಾದಿನ ನಮ್ಮ ಮನೆಯ ಬಚ್ಚಲಿನಲ್ಲಿ ಒಂದು ವಾಷಿಂಗ್ ಮಷೀನ್ ಇದೆ. 1994ರಲ್ಲಿ ಅಪ್ಪ ತಂದದ್ದು. ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್: ಎಡಕ್ಕೆ ಒಗೆಯುವ ತೊಟ್ಟಿ, ಬಲಕ್ಕೆ ಹಿಂಡುವ ತೊಟ್ಟಿ, ಮೇಲೆ ಮೂರು ಗುಂಡಿ. ಟೈಮರ್ ತಿರುಗಿಸಿದರೆ ಒಳಗಿನ ಸ್ಪ್ರಿಂಗು ಬಿಚ್ಚಿಕೊಳ್ಳುತ್ತ ಈಗಲೂ ಟಿಕ್ ಟಿಕ್ ಎನ್ನುತ್ತದೆ. ಅಪ್ಪನ ಕೈಗಡಿಯಾರ ನಿಂತು ಎಷ್ಟೋ ವರ್ಷವಾಯಿತು. ಅವನು ಕೊಂಡು ತಂದ ವಸ್ತುಗಳಲ್ಲಿ ಇನ್ನೂ ಸದ್ದು ಮಾಡುವುದು ಇದೊಂದೇ.

ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ಅವ್ವ ಅಂದಳು, "ಹೋಗೋ ಕಡಿ ನೀರು ಹೋಗವಲ್ದು, ಹೋಗಬಾರದ ಕಡಿ ಹೊಂಟದ."

ಡ್ರೈನ್‌ಗೆ ತಿರುಗಿಸಿದರೂ ಸಾಬೂನಿನ ನೀರು ತೊಟ್ಟಿಯಲ್ಲಿ ನಿಂತೇ ಇತ್ತು. ಮಷೀನಿನ ಕೆಳಗಿನ ಪರಸಿ ಕಲ್ಲು ಮಾತ್ರ ಯಾವಾಗಲೂ ಒದ್ದೆ. ನೋಡಲು ಬಂದಿದ್ದ ಮೆಕ್ಯಾನಿಕ್ ಹಳೆಯದು, ತೆಗೆದುಬಿಡಿ ಎಂದು ಹೇಳಿ ಹೋಗಿದ್ದ. ಅವ್ವನಿಗೆ ಅದು ಹಿಡಿಸಿರಲಿಲ್ಲ. ನನಗೂ ಹಿಡಿಸಲಿಲ್ಲ. ಹದಿನೈದು ದಿನದ ರಜೆ ಇತ್ತು. ಅಪ್ಪನ ಪಾನಾ, ಪಕ್ಕಡಗಳ ಡಬ್ಬಿ ಅಟ್ಟದ ಮೇಲೇ ಇತ್ತು.

ಸೋರಿಕೆಯ ಮೂಲ ಹುಡುಕುವುದು ಸುಲಭವಲ್ಲ. ನೀರು ಒಂದು ಕಡೆ ಹೊರಟು, ವೈರಿನ ಗುಂಟವೋ ತಗಡಿನ ಅಂಚಿನ ಗುಂಟವೋ ಸದ್ದಿಲ್ಲದೆ ನಡೆದು, ಬೇರೆಲ್ಲೋ ಹನಿಯಾಗಿ ಬೀಳುತ್ತದೆ. ನೆಲ ಒರೆಸಿ ಒಣಗಿಸಿ, ಮಷೀನಿನ ಕೆಳಗೆ ಹಳೆಯ ಪತ್ರಿಕೆ ಹಾಸಿ, ತೊಟ್ಟಿಗೆ ನೀರು ತುಂಬಿದೆ. ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ಅದಕ್ಕೆ ನಾಲ್ಕು ಹನಿ ಬಿಟ್ಟೆ. ಹತ್ತು ನಿಮಿಷಕ್ಕೆ ಪತ್ರಿಕೆಯ ನಡುವೆ ಒಂದು ನೀಲಿ ಚುಕ್ಕೆ ಮೂಡಿತು. ಮಷೀನ್ ಒಂದು ಸುತ್ತು ಓಡಿಸಿ ಪತ್ರಿಕೆಯನ್ನು ಎಳೆದು ನೋಡಿದರೆ, ಆ ಚುಕ್ಕೆಯ ಸುತ್ತ ನೀಲಿ ಹನಿಗಳ ಒಂದು ಬಳೆ! ಕೈಯಿಂದ ಬರೆದರೆ ಅಷ್ಟು ದುಂಡಗೆ ಬರುತ್ತಿರಲಿಲ್ಲ. ತಿರುಗುವ ಯಾವುದೋ ಒಂದು ಭಾಗ ನೀರನ್ನು ಸುತ್ತಲೂ ಎರಚಿದೆ. ನಿಂತಾಗ ನಟ್ಟನಡುವೆ ತೊಟ್ಟಿಕ್ಕುತ್ತದೆ, ಓಡುವಾಗ ಬಳೆಯಾಗುತ್ತದೆ ಎಂದರೆ ನೀರು ಬರುತ್ತಿರುವುದು ನಡುವಿನ ದಂಡದ ಗುಂಟ, ಪುಲ್ಲಿಯ ಮೇಲಿನಿಂದ. ಕಾಣದ ಒಂದು ತೂತು ತನ್ನ ವಿಳಾಸವನ್ನು ಕಾಗದದ ಮೇಲೆ ತಾನೇ ಬರೆದುಕೊಟ್ಟಿತ್ತು. ಆ ಹಾಳೆಯನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ.

ಇನ್ನು ನಿಂತ ನೀರಿನ ಕಥೆ. ಈ ಬಗೆಯ ಮಷೀನಿನಲ್ಲಿ ನೀರನ್ನು ಎತ್ತಿ ಹಾಕುವ ಪಂಪ್ ಇರುವುದಿಲ್ಲ. ತೊಟ್ಟಿಯ ತಳದಲ್ಲಿ ಒಂದು ಕಿಂಡಿ; ಅದರ ಕೆಳಗಿನ ಡಬ್ಬಿಯಲ್ಲಿ ರಬ್ಬರಿನ ಒಂದು ವಾಲ್ವು; ಅದನ್ನು ಅದುಮಿ ಹಿಡಿಯುವ ಸ್ಪ್ರಿಂಗು. ಮೇಲಿನ ಗುಂಡಿ ತಿರುಗಿಸಿದರೆ ಪಟ್ಟಿಯೊಂದು ವಾಲ್ವನ್ನು ಮೇಲಕ್ಕೆ ಎಳೆಯುತ್ತದೆ, ದಾರಿ ತೆರೆಯುತ್ತದೆ. ಮುಂದಿನದನ್ನೆಲ್ಲ ಭೂಮಿ ನೋಡಿಕೊಳ್ಳುತ್ತದೆ. ತೂತಿನಿಂದ ಹೊರಬೀಳುವ ನೀರಿನ ವೇಗ, ನೀರಿನ ಮಟ್ಟದ ಎತ್ತರದಿಂದ ಕೈಬಿಟ್ಟ ಕಲ್ಲು ತೂತಿನ ಮಟ್ಟಕ್ಕೆ ಬರುವ ಹೊತ್ತಿಗೆ ಪಡೆಯುವ ವೇಗದಷ್ಟೇ ಎಂದು ಇಟಲಿಯ ಟೊರಿಚೆಲ್ಲಿ 1644ರಲ್ಲಿ ಬರೆದ. ಪೈಪಿನೊಳಗಿನ ತಿಕ್ಕಾಟದಲ್ಲಿ ಒಂದಷ್ಟು ಕಳೆದುಹೋಗುತ್ತದೆ, ಆ ಮಾತು ಬೇರೆ. ತೊಟ್ಟಿ ತುಂಬಿದ್ದಾಗ ನೀರು ಧುಮುಕುವುದು, ಕೊನೆಗೊಂದು ಬೊಗಸೆ ಉಳಿದಾಗ ತಡವರಿಸುತ್ತ ಹೋಗುವುದು ಇದರಿಂದಲೇ. ಇಷ್ಟು ವರ್ಷ ಬಟ್ಟೆ ಒಗೆದ ಅವ್ವನಿಗೆ ಈ ಸಂಗತಿ ಕಣ್ಣಳತೆಯಲ್ಲೇ ಗೊತ್ತು: "ಮೊದಲ ಓಡ್ತದ, ಕಡೀಕ ಕುಂಟ್ತದ."

ಆದರೆ ನೀರು ತಗ್ಗಿಗೆ ಹರಿಯಬೇಕಾದರೆ ತಗ್ಗು ಬೇಕಲ್ಲ. ಅವ್ವ ಪೈಪಿನ ಬಾಯನ್ನು ಮೋರಿಗೆ ಬಿಡುತ್ತಿರಲಿಲ್ಲ, ಬಕೆಟ್ಟಿನ ಅಂಚಿಗೆ ಸಿಕ್ಕಿಸುತ್ತಿದ್ದಳು. ಬಟ್ಟೆ ಜಾಲಿಸಿದ ನೀರಿನಲ್ಲಿ ಅಂಗಳ ತೊಳೆಯುತ್ತಾಳೆ, ಪಾಯಖಾನೆಗೆ ಹಾಕುತ್ತಾಳೆ. ನಮ್ಮ ಕಡೆಯ ಬೇಸಿಗೆ ಕಂಡವರು ಇದನ್ನು ಜಿಪುಣತನ ಎನ್ನಲಾರರು. ಪೈಪಿನ ಬಾಯಿ ಎಷ್ಟು ಎತ್ತರದಲ್ಲಿದೆಯೋ ಒಳಗಿನ ನೀರೂ ಅಷ್ಟೇ ಎತ್ತರಕ್ಕೆ ನಿಲ್ಲುತ್ತದೆ. ಹಾಗಾಗಿ ಪ್ರತಿ ಸಲವೂ ವಾಲ್ವಿನ ಡಬ್ಬಿಯಲ್ಲಿ, ತೊಟ್ಟಿಯ ತಳದಲ್ಲಿ ನಾಲ್ಕು ಬೆರಳು ನೀರು ಉಳಿಯುತ್ತಿತ್ತು. ಆ ನೀರು ಮುಂದಿನ ಒಗೆತದವರೆಗೆ ಅಲ್ಲೇ ಕೂತು ನಿಧಾನವಾಗಿ ಆರುತ್ತಿತ್ತು. ವಾರಕ್ಕೆ ಮೂರು ಸಲ, ವರ್ಷಾನುಗಟ್ಟಲೆ.

ಪ್ಲಗ್ ಕಿತ್ತು, ಕೆಪ್ಯಾಸಿಟರಿನಲ್ಲಿ ಉಳಿದ ವಿದ್ಯುತ್ತನ್ನು ಇಳಿಸಿ (ಪ್ಲಗ್ ಕಿತ್ತರೂ ಅದು ಹೊಡೆಯಬಲ್ಲದು), ಡಬ್ಬಿಯ ಮುಚ್ಚಳ ತಿರುಗಿಸಿದೆ. ಬರಲಿಲ್ಲ. ಬಟ್ಟೆ ಸುತ್ತಿ ಎರಡೂ ಕೈಯಿಂದ ತಿರುಗಿಸಿದಾಗ ಕರಕರ ಎನ್ನುತ್ತ ಬಿಟ್ಟುಕೊಟ್ಟಿತು. ಒಳಗೆ ರಬ್ಬರಿನ ವಾಲ್ವು ಕಾಣಲೇ ಇಲ್ಲ. ಕಂಡದ್ದು ಬೂದುಬಿಳುಪಿನ ಒಂದು ಗಟ್ಟಿ ಹೊದಿಕೆ. ಕೆರೆದರೆ ಉಗುರು ಸವೆಯಿತು. ಪೇಚಕಸದ ತುದಿಯಿಂದ ಎಬ್ಬಿಸಿದಾಗ ಹೆಬ್ಬೆರಳಿನಷ್ಟು ದಪ್ಪದ ತುಂಡೊಂದು ಕಿತ್ತು ಬಂತು. ಅದರ ಮುರಿದ ಅಂಚನ್ನು ಬೆಳಕಿಗೆ ಹಿಡಿದೆ. ಒಂದರ ಮೇಲೊಂದು ಪದರ. ಒಂದು ಬಿಳಿ, ಒಂದು ಬೂದಿ, ನಡುವೆ ಕೂದಲೆಳೆಯಷ್ಟು ತೆಳ್ಳಗಿನ ನೀಲಿ. ಅಲ್ಲಲ್ಲಿ ಹುದುಗಿದ ದಾರದ ಎಳೆ, ಒಂದು ಹಸಿರು ಸೀರೆಯ ನೂಲು.

ಆ ಪದರಗಳನ್ನು ನಾನು ಮೊದಲೇ ನೋಡಿದ್ದೆ. ನಮ್ಮೂರಲ್ಲಿ ಹುಟ್ಟಿದವರೆಲ್ಲ ನೋಡಿರುತ್ತಾರೆ. ಗಣಿಯಲ್ಲಿ ಪರಸಿ ಎಬ್ಬಿಸುವುದೇ ಹಾಗೆ: ಕಲ್ಲಿನ ಪಕ್ಕಕ್ಕೆ ಉಳಿ ಹೊಡೆದು, ಹಾರೆ ತೂರಿಸಿ ಮೀಟಿದರೆ ಪದರಕ್ಕೆ ಪದರವೇ ಹಲಗೆಯಂತೆ ಬಿಚ್ಚಿಕೊಳ್ಳುತ್ತದೆ. ಊರೂರಿನ ಮನೆಗಳ ನೆಲಕ್ಕೆ ಹೋಗಿ ಕೂತಿರುವ ಶಹಾಬಾದ್ ಕಲ್ಲು ಅದು. ವಾಡಿ, ಸೇಡಂ, ಮಳಖೇಡದ ಕಡೆ ಸಿಮೆಂಟಾಗುವುದೂ ಈ ಸುಣ್ಣಕಲ್ಲೇ. ಭೂವಿಜ್ಞಾನಿಗಳು ಭೀಮಾ ನದಿಯ ಹೆಸರಿಟ್ಟಿರುವ ಈ ಶಿಲಾಸಮೂಹ ಐವತ್ತು ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ಕೆಸರಾಗಿ ಕೂತಿತ್ತು. ಪದರ ಪದರವಾಗಿ, ಯಾರ ಅವಸರವೂ ಇಲ್ಲದೆ.

ಮಳೆನೀರು ಮಣ್ಣಿನೊಳಗಿಂದ ಇಳಿಯುವಾಗ ಅಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಹುಳಿಯಾಗುತ್ತದೆ. ನಾಲಿಗೆಗೆ ತಿಳಿಯದ ಹುಳಿ, ಕಲ್ಲಿಗೆ ತಿಳಿಯುತ್ತದೆ. ಸುಣ್ಣಕಲ್ಲು ಕಣಕಣವಾಗಿ ಕರಗಿ, ತಿಳಿನೀರಿನಲ್ಲಿ ಕಾಣದ ಹಾಗೆ ಸೇರಿಕೊಂಡು ಬೋರಿನಿಂದ ಮೇಲೆ ಬರುತ್ತದೆ. ಅದನ್ನೇ ನಾವು ಗಡಸು ನೀರು ಎನ್ನುವುದು. ಸಾಬೂನು ನೊರೆ ಕೊಡದಿರುವುದು, ಕಾಯಿಸುವ ಹಂಡೆಗೆ ಬಿಳಿ ಹೊರೆ ಕಟ್ಟುವುದು ಅದರಿಂದ. ತಣ್ಣೀರಿನಲ್ಲೂ ಬಟ್ಟೆ ಒಗೆಯುವ ಪುಡಿಯೊಳಗಿನ ಸೋಡಾ ಆ ಸುಣ್ಣವನ್ನು ಹಿಡಿದು ಮತ್ತೆ ಕಲ್ಲಾಗಿ ಕೆಳಗಿಳಿಸುತ್ತದೆ. ಅಂದರೆ ಅವ್ವ ನೀರು ಉಳಿಸುತ್ತಿದ್ದ ಅಷ್ಟೂ ವರ್ಷ, ನೆಲದ ಪರಸಿ ನೀರಾಗಿ ಮೇಲೆದ್ದು ಬಂದು, ಮಷೀನಿನ ಹೊಟ್ಟೆಯಲ್ಲಿ ಒಂದೊಂದೇ ಪದರವಾಗಿ ಮತ್ತೆ ಪರಸಿಯಾಗುತ್ತಿತ್ತು. ಒಂದು ಪುಟ್ಟ ಸಮುದ್ರದ ತಳ, ಅಂಗೈಯಗಲದ್ದು, ನಮ್ಮ ಬಚ್ಚಲಿನಲ್ಲಿ!

ನಂಬಿಕೆಯಾಗದೆ ಪರೀಕ್ಷಿಸಿದೆ. ಎರಡು ಬಾಟಲಿ ಮುಚ್ಚಳ ತೆಗೆದುಕೊಂಡು, ಒಂದರಲ್ಲಿ ಪೈಪಿನ ಹೊರೆಯ ಪುಡಿ, ಇನ್ನೊಂದರಲ್ಲಿ ಹಿತ್ತಲಿನ ಒಡೆದ ಪರಸಿಯ ಪುಡಿ ಹಾಕಿ ಎರಡಕ್ಕೂ ನಿಂಬೆರಸ ಹಿಂಡಿದೆ. ಎರಡೂ ಗುಳುಗುಳು ನೊರೆಯೆದ್ದವು. ಕಿವಿ ಹತ್ತಿರ ಹಿಡಿದರೆ ಸಣ್ಣ ಚಿಟಪಟ ಸದ್ದು. ಕಲ್ಲು ಹುಟ್ಟುವಾಗ ಕಟ್ಟಿಹಾಕಿಕೊಂಡಿದ್ದ ಇಂಗಾಲದ ಡೈಆಕ್ಸೈಡ್ ಆ ಗುಳ್ಳೆಗಳಲ್ಲಿ ಬಿಡುಗಡೆಯಾಗುತ್ತಿತ್ತು. ಪೈಪಿನ ಪುಡಿಯಲ್ಲಿ ಅದು ಕಟ್ಟಿಬಿದ್ದದ್ದು ನಿನ್ನೆ ಮೊನ್ನೆ. ಪರಸಿಯದು ಮಾತ್ರ, ನೆಲದ ಮೇಲೆ ನಡೆಯುವ ಒಂದು ಪ್ರಾಣಿಯೂ ಇರದ ಕಾಲದ್ದು. ಆ ಉಸಿರು ನನ್ನ ಕಿವಿಯ ಪಕ್ಕದಲ್ಲಿ ಹೊರಬಿದ್ದು ಬಚ್ಚಲಿನ ಕಿಟಕಿಯಿಂದ ಆಚೆ ಹೋಯಿತು.

"ಪರಸಿ ಮ್ಯಾಲ ನಿಂಬಿಹಣ್ಣು ಚೆಲ್ಲಬ್ಯಾಡ, ಕಲಿ ಬೀಳ್ತದ," ಎಂದು ಅಡುಗೆಮನೆಯಿಂದಲೇ ಅವ್ವ ಕೂಗಿದಳು. ಹುಣಸೆ, ನಿಂಬೆ ಬಿದ್ದಲ್ಲಿ ಈ ಕಲ್ಲಿನ ಹೊಳಪು ಹೋಗಿ ಬಿಳಿ ಕಲೆ ಉಳಿಯುತ್ತದೆ ಎಂದು ನಮ್ಮ ಮನೆಯ ಹೆಂಗಸರು ಯಾವ ಪುಸ್ತಕ ಓದಿಯೂ ಕಲಿತದ್ದಲ್ಲ.

ವಾಲ್ವಿನ ಡಬ್ಬಿಯನ್ನು ರಾತ್ರಿಯಿಡೀ ವಿನೆಗರಿನಲ್ಲಿ ನೆನೆಸಿದೆ. ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಕಲ್ಲು ಸುಲಭವಾಗಿ ಸೋತಿತು.

ಸೋರಿಕೆಯ ಕೆಲಸ ಉಳಿದಿತ್ತು. ತೊಟ್ಟಿಯ ತಳದಲ್ಲಿ ನೀರು ಕಡೆಯುವ ಚಕ್ರದ ನಡುವಿನ ಸ್ಕ್ರೂ ಬಿಚ್ಚಿ ಮೇಲೆತ್ತಿದಾಗ ಕೆಳಗೆ ಎರಡು ಗುಂಡಿ, ಒಂದು ಸೇಫ್ಟಿ ಪಿನ್ನಿನ ತುಕ್ಕು, ಘೇಂಡಾಮೃಗದ ಚಿತ್ರವಿರುವ 25 ಪೈಸೆಯ ನಾಣ್ಯ. 2011ರಿಂದ ಅದಕ್ಕೆ ಚಲಾವಣೆಯಿಲ್ಲ, ಆದರೆ ತುಕ್ಕು ಹಿಡಿಯದ ಉಕ್ಕಿನದು, ಫಳಫಳ ಹೊಳೆಯುತ್ತಿತ್ತು. ಅಪ್ಪನ ಅಂಗಿಯ ಜೇಬಿನದಿರಬೇಕು. ಬೆಲ್ಟು, ಪುಲ್ಲಿ ಕಳಚಿ ದಂಡವನ್ನು ಎಳೆದು ಸೀಲ್ ಹೊರತೆಗೆದೆ. ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡ ಕರಿ ರಬ್ಬರಿನ ಬಳೆ. ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಹತ್ತಿರದ ಅಂಗಡಿಯ ಹಿರಿಯರು ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. "ರಬ್ಬರ್ ಮುದುಕ ಆಗ್ಯಾದ್ರಿ. ಹಳೀದು ತಂದ್ರಿ, ಚಲೋ ಆತು. ನಂಬರ್ ತಪ್ತದ, ನಮೂನಿ ತಪ್ಪಂಗಿಲ್ಲ." ನಾಲ್ಕು ಡಬ್ಬಿ ಹುಡುಕಿ ಅದೇ ಅಳತೆಯದನ್ನು ಕೊಟ್ಟರು.

ಆ ಬಳೆಯ ಬಗ್ಗೆ ನನಗೆ ಈಗಲೂ ಸೋಜಿಗ. ತೊಟ್ಟಿ ಅಲುಗದೆ ನಿಂತಿರಬೇಕು, ದಂಡ ತಿರುಗಬೇಕು, ಇವೆರಡರ ನಡುವೆ ಸಂದಿ ಇರಲೇಬೇಕು, ಆದರೆ ಆ ಸಂದಿಯಲ್ಲಿ ನೀರು ಇಳಿಯಬಾರದು. ಕೂದಲೆಳೆಯ ಬಿರುಕನ್ನೂ ಬಿಡದ ನೀರನ್ನು ಅಲ್ಲಿ ತಡೆದು ನಿಲ್ಲಿಸುವುದು ಬಾಳೆಲೆಯ ಅಂಚಿನಷ್ಟು ತೆಳ್ಳಗಿನ ಒಂದು ರಬ್ಬರ್ ತುಟಿ. ಅದನ್ನು ದಂಡಕ್ಕೆ ಒತ್ತಿ ಹಿಡಿಯಲು ಹಿಂದೆ ದಾರದಂಥ ಒಂದು ಸ್ಪ್ರಿಂಗಿನ ಉಂಗುರ, ನಡುವೆ ತುಸು ಗ್ರೀಸು. ಬಿಗಿಯಾದರೆ ದಂಡ ಸವೆಯುತ್ತದೆ, ಸಡಿಲಾದರೆ ಸೋರುತ್ತದೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿದ ರಬ್ಬರಿಗೆ ಕಾವು ತಾಗಿಸಿ ಕಂಡುಕೊಂಡದ್ದು ಈ ಗುಣವನ್ನೇ. ಗಂಧಕ ರಬ್ಬರಿನ ಉದ್ದನೆಯ ಎಳೆಗಳನ್ನು ಅಲ್ಲಲ್ಲಿ ಗಂಟು ಹಾಕುತ್ತದೆ. ಎಳೆದರೆ ಹಿಗ್ಗಿ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ಕಾವು, ಗಾಳಿ ತಾಗಿ ವರ್ಷಗಳು ಕಳೆದಂತೆ ಗಂಟುಗಳು ಹೆಚ್ಚಾಗಿ ಹಿಗ್ಗುವುದೇ ಮರೆತುಹೋಗುತ್ತದೆ. ಹಳೆಯ ಸೀಲಿನ ತುಟಿಯನ್ನು ಬೆರಳಿನಿಂದ ಸವರಿದೆ. ಎಲ್ಲಿಯೂ ಹರಿದಿರಲಿಲ್ಲ. ಗಟ್ಟಿಯಾಗಿತ್ತು, ಅಷ್ಟೇ.

ಎಲ್ಲ ಜೋಡಿಸಿ, ಮೋರಿಗೆ ಪೈಪು ಬಿಟ್ಟು, ನೀಲಿ ನೀರು ತುಂಬಿಸಿದೆ. ಕೆಳಗಿನ ಪತ್ರಿಕೆ ಒಣಗಿಯೇ ಇತ್ತು. ಗುಂಡಿಯನ್ನು ಅವ್ವನೇ ತಿರುಗಿಸಿದಳು. ನೀರು ಸುಳಿ ಕಟ್ಟಿ, ತಳದಲ್ಲಿ ಒಮ್ಮೆ ಗೊರಕೆ ಹೊಡೆದು ಇಳಿದುಹೋಯಿತು. ಬಲಗಡೆಯ ತೊಟ್ಟಿಗೆ ಅವಳ ಸೀರೆ ಹಾಕಿದೆವು. ನಿಮಿಷಕ್ಕೆ 1300 ಸುತ್ತಿನ ಹತ್ತಿರ ತಿರುಗುವ ಆ ಚಿಕ್ಕ ತೊಟ್ಟಿಯಲ್ಲಿ ಐವತ್ತು ಗ್ರಾಮಿನ ಒದ್ದೆ ಕರವಸ್ತ್ರವೂ ಹತ್ತು ಕೆಜಿಗೆ ಕಡಿಮೆಯಿಲ್ಲದ ಭಾರದಲ್ಲಿ ಗೋಡೆಗೆ ಒತ್ತಿಕೊಂಡಿರುತ್ತದೆ. ನೀರು ಎಳೆಗಳನ್ನು ಬಿಟ್ಟು ತೂತುಗಳಿಂದ ಹಾರುವ ಸದ್ದನ್ನು ಅವ್ವ ಮುಚ್ಚಳದ ಮೇಲೆ ಅಂಗೈಯಿಟ್ಟು ಕೇಳುತ್ತ ನಿಂತಳು, ಜ್ವರ ಬಿಟ್ಟಿದೆಯೇ ಎಂದು ಮಕ್ಕಳ ಹಣೆ ಮುಟ್ಟಿ ನೋಡುವಂತೆ.

ಜಾಲಿಸಿದ ನೀರು ಮೋರಿಗೆ ಹೋಗುವುದನ್ನು ಅವಳು ಒಂದೇ ಸಲ ಸಹಿಸಿದಳು. ಮರುದಿನ ಮಷೀನಿನ ಕಾಲುಗಳ ಕೆಳಗೆ ಪರಸಿಯ ನಾಲ್ಕು ತುಂಡು ಇಟ್ಟು ಎತ್ತರಿಸಿದೆ. ಬಕೆಟ್ಟಿನ ಬದಲು ಅಗಲವಾದ ತಗ್ಗಿನ ಬುಟ್ಟಿ ತಂದೆ. ಈಗ ಡಬ್ಬಿಯಲ್ಲಿ ಒಂದು ಹನಿಯೂ ನಿಲ್ಲುವುದಿಲ್ಲ, ನೀರೂ ಉಳಿಯುತ್ತದೆ. ಅವ್ವ ಆ ನೀರಿನಲ್ಲಿ ಅಂಗಳ ತೊಳೆದಳು. ಬಿಸಿಲು ಜೋರಿತ್ತು. ಕಲ್ಲಿನ ಮೇಲೆ ಉಳಿದ ಹನಿಗಳು ನಮ್ಮ ಕಣ್ಣೆದುರಿಗೇ ಆರಿದವು. ಒಂದೊಂದು ಹನಿ ಆರಿದಲ್ಲೂ ತೆಳ್ಳಗೆ ಒಂದು ಬಿಳಿ ಉಂಗುರ ಮೂಡಿತು. ಅವ್ವ ಬಗ್ಗಿ ನೋಡಿ, ಕಾಲಿನ ಹೆಬ್ಬೆರಳಿನಿಂದ ಒಂದನ್ನು ಒರೆಸಿದಳು.