ಪರ್ಯಾಯ ಪಾರಿತೋಷಕ

ಕಾಲೇಜು ಪಂದ್ಯದಲ್ಲಿ ಸೋತ ಹುಡುಗ ಬೈಕುಲ್ಲಾದ ನಮ್ಮ ಕೋಣೆಗೆ ಮರಳಿ ಗೋಡೆಯತ್ತ ಮುಖಮಾಡಿ ಮಲಗುತ್ತಾನೆ. ಆಗ ಹಿರಿಯರಾದ ನಾವು “ಬರುವ ವರ್ಷ ಅವರಿಗೆ ಬುದ್ಧಿ ಕಲಿಸು” ಎನ್ನುತ್ತೇವೆ. ಈ ಮಾತು ಸರಿಯೆ?

ವಿಶ್ವವಿದ್ಯಾಲಯಗಳ ಕ್ರಿಕೆಟಿನ ರೋಹಿಂಟನ್ ಬಾರಿಯಾ ಪಾರಿತೋಷಕವನ್ನು ನೆನೆಯೋಣ. 1935ರಲ್ಲಿ ಮುಂಬಯಿಯ ಅರ್ದೇಶಿರ್ ದಾದಾಭಾಯ್ ಬಾರಿಯಾ ಅದನ್ನು ತಮ್ಮ ಮಗ ರೋಹಿಂಟನ್ನನ ನೆನಪಿಗಾಗಿ ಕೊಟ್ಟರು. ಮಗನ ಹೆಸರನ್ನು ಗೋಡೆಯ ಪಟಕ್ಕೆ ಮೀಸಲಿಡದೆ ಪರರ ಮಕ್ಕಳ ಕೈಗೆ ಒಪ್ಪಿಸಿದರು. ಕೊಟ್ಟವರ ಊರಿಗೇ ಅದು ಮೊದಲು ದಕ್ಕಲಿಲ್ಲ. ಗೆದ್ದದ್ದು ಆಗ ಲಾಹೋರಿನಲ್ಲಿದ್ದ ಪಂಜಾಬ್ ವಿಶ್ವವಿದ್ಯಾಲಯ. ಮುಂಬಯಿಯ ಸರದಿ ಆಮೇಲೆ ಬಂತು, ಮತ್ತೆ ಮತ್ತೆ ಬಂತು.

ವರ್ಷವರ್ಷಕ್ಕೆ ಕೈ ಬದಲಾಗುವ ಇಂಥ ಬಹುಮಾನವನ್ನು ನಮ್ಮವರು ಪರ್ಯಾಯ ಪಾರಿತೋಷಕವೆನ್ನುತ್ತಾರೆ. ಉಡುಪಿಯ ಕಡೆಯಿಂದ ಬಂದವರಿಗೆ ಪರ್ಯಾಯದ ಅರ್ಥ ಹೇಳಬೇಕೆ? ಎಂಟು ಮಠಗಳಿಗೆ ಎರಡೆರಡು ವರ್ಷದ ಪೂಜೆ. ಅವಧಿ ಮುಗಿದೊಡನೆ ಅಕ್ಷಯಪಾತ್ರೆ, ಬೀಗದ ಕೈ ಮುಂದಿನವರಿಗೆ. ಅಲ್ಲಿ ಯಾರೂ ಒಡೆಯರಲ್ಲ, ಎಲ್ಲರೂ ಸರದಿಯವರು.

ಆದರೆ ಮಠದ ಸರದಿ ತಾನಾಗಿ ಬರುತ್ತದೆ, ಮೈದಾನದಲ್ಲಿ ಬೆವರು ಸುರಿಸಬೇಕು ಎನ್ನಬಹುದು. ನಿಜ; ಛಲ ಬೇಡವೆಂದು ನಾವೂ ಹೇಳುವುದಿಲ್ಲ. ಆದರೆ ಎದುರಾಳಿಯೇ ಇಲ್ಲದಿದ್ದರೆ ಆ ಬಟ್ಟಲು ಬರಿಯ ಲೋಹ. ನಮ್ಮ ಗೆಲುವಿಗೆ ಬೆಲೆ ತರುವವನು ಅವನೇ. ಅವನಿಗೆ ಬುದ್ಧಿ ಕಲಿಸುವುದೆಂತು?

ಮಲಗಿದ ಹುಡುಗನನ್ನು ಇಷ್ಟು ಕೇಳೋಣ: “ಗೆದ್ದವರ ಕೈ ಕುಲುಕಿ ಬಂದೆಯೇನಪ್ಪ? ಹಾಗಾದರೆ ಏಳು, ಊಟ ಮಾಡು. ನಾಳೆ ಅಭ್ಯಾಸಕ್ಕೆ ಹೋಗಬೇಕು.”