ಕುರುಹು ಮತ್ತು ಅರಿವು

ಕುರುಹನ್ನು ಕಂಡವನು ಅರಿವನ್ನು ಪಡೆದನೆಂದು ಹೇಳಲಾಗದು. ಈ ಎರಡಕ್ಕಿರುವ ಅಂತರವನ್ನು ಶರಣರು ದೇವರ ವಿಷಯದಲ್ಲಿ ಬಗೆಬಗೆಯಾಗಿ ವಿವೇಚಿಸಿರುವರು. ಮನುಷ್ಯನು ಮನುಷ್ಯನನ್ನು ನೋಡುವಲ್ಲಿಯೂ ಅದೇ ಅಂತರವುಂಟು. ಸಾಂಬ್ರಾಣಿಯಂತಹ ಹಳ್ಳಿಯ ಮಕ್ಕಳ ಕೈಗೂ ಮೊಬೈಲು ಬಂದು, ಪರದೆಯ ಆಟಗಳು ಮನೆಮನೆಯನ್ನು ಹೊಕ್ಕಿರುವಾಗ, ಇದನ್ನು ವಿಚಾರಿಸುವುದಕ್ಕೆ ಒಂದು ಆಟವೇ ನಿಮಿತ್ತವಾಗಬಹುದು.

2016ರಲ್ಲಿ ಜರ್ಮನಿಯ ಆಸ್ಮೋಟಿಕ್ ಸ್ಟುಡಿಯೋಸ್ ಸಂಸ್ಥೆಯವರು ‘ಆರ್ವೆಲ್’ ಎಂಬ ಗಣಕಯಂತ್ರದ ಆಟವನ್ನು ರಚಿಸಿದರು. ಕಲ್ಪಿತ ರಾಜ್ಯವೊಂದರ ರಾಜಧಾನಿಯಲ್ಲಿ ಬಾಂಬು ಸಿಡಿಯುತ್ತದೆ. ಆಡುವವನು ಸರಕಾರದ ಗುಪ್ತ ಶೋಧಕ. ಪ್ರಜೆಗಳ ಪತ್ರ, ಸಂಭಾಷಣೆ, ಬ್ಯಾಂಕಿನ ಲೆಕ್ಕಗಳನ್ನು ಓದಿ, ಬೇಕೆನಿಸಿದ ತುಣುಕುಗಳನ್ನು ಆಯ್ದು ಮೇಲಿನವನಿಗೆ ಕಳುಹಿಸುವುದಷ್ಟೆ ಅವನ ಕೆಲಸ. ಮೇಲಿನವನಿಗೆ ಆ ತುಣುಕು ಮಾತ್ರ ಕಾಣುವುದು. ಅದರ ಹಿಂದುಮುಂದಿನ ಮಾತು ಕಾಣದು. ಗೆಳೆಯರಲ್ಲಿ ವಿನೋದಕ್ಕೆ ಆಡಿದ್ದು ಅಲ್ಲಿಗೆ ಮುಟ್ಟುವಷ್ಟರಲ್ಲಿ ಪ್ರತಿಜ್ಞೆಯಾಗಿಬಿಡಬಹುದು! ಪರಸ್ಪರ ವಿರುದ್ಧವಾದ ಎರಡು ತುಣುಕುಗಳಲ್ಲಿ ಒಂದನ್ನು ಕಳುಹಿಸಿದರೆ ಇನ್ನೊಂದಕ್ಕೆ ದಾರಿಯಿಲ್ಲ. ಕಳುಹಿಸಿದ್ದನ್ನು ಹಿಂತೆಗೆಯಲೂ ಆಗದು. ಆಮೇಲೆ ಬಾಗಿಲು ತಟ್ಟುವವರು ಪೋಲೀಸರು.

ಪೋಲೀಸರ ಕೈಯನ್ನು ಜನರು ದೂರುವರು. ಕಣ್ಣನ್ನು ಯಾರೂ ದೂರರು. ಆಡುವವನು ಲಾಠಿಯನ್ನು ಹಿಡಿದವನಲ್ಲ, ಒಬ್ಬರನ್ನೂ ಮುಟ್ಟಿದವನಲ್ಲ. ಆದರೂ ಲಾಠಿ ಯಾವ ಮನೆಯತ್ತ ನಡೆಯಬೇಕೆಂಬುದನ್ನು ಗೊತ್ತುಮಾಡಿದವನು ಅವನೇ ಅಲ್ಲವೆ? ಬಾಂಬಿಗೆ ತುತ್ತಾದವರ ಮನೆಯ ಕಣ್ಣೀರು ಸುಳ್ಳಲ್ಲ. ಕಾವಲೇ ಬೇಡವೆನ್ನುವುದು ಅವಿವೇಕ. ಆದರೆ ಕಾಯುವವನು ಕುರುಹಿನೊಡನೆ ತನ್ನ ಸಂಶಯವನ್ನೂ ಒಪ್ಪಿಸತಕ್ಕದ್ದು. ಆ ಆಟದ ಯಂತ್ರದಲ್ಲಿ ಸಂಶಯಕ್ಕೆ ಸ್ಥಳವನ್ನೇ ಇಟ್ಟಿಲ್ಲ.

ಸಾಂಬ್ರಾಣಿಗೆ ದೂರವಲ್ಲದ ದಾಂಡೇಲಿಯ ಕಾಡಿನಲ್ಲಿ ಮರಕ್ಕೆ ಕಟ್ಟಿದ ಕ್ಯಾಮೆರಾಗಳ ಚಿತ್ರದಿಂದ ಹುಲಿಗಳನ್ನು ಎಣಿಸುವರು. ಒಂದು ಹುಲಿಯ ಪಟ್ಟೆಗಳಂತೆ ಮತ್ತೊಂದರ ಪಟ್ಟೆಗಳಿರುವುದಿಲ್ಲ; ಅಲ್ಲಿ ಕುರುಹೇ ಸಾಕು. ಮನುಷ್ಯನ ಮನಸ್ಸಿಗೆ ಅಂತಹ ಪಟ್ಟೆಗಳಿಲ್ಲ.

ಈ ಭಾಗದ ಜನರು ಇದನ್ನು ಆಟದಲ್ಲಲ್ಲ, ಬಾಳಿನಲ್ಲಿಯೇ ಕಂಡಿರುವರು. 1871ರಲ್ಲಿ ಹುಟ್ಟಿ 1911ರಲ್ಲಿ ದೇಶವ್ಯಾಪಿಯಾದ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಜನ್ಮವನ್ನೇ ಅಪರಾಧದ ಕುರುಹಾಗಿ ಹಿಡಿಯಿತು. ಹುಬ್ಬಳ್ಳಿ, ಗದಗ, ವಿಜಯಪುರಗಳ ಸೆಟ್ಲಮೆಂಟುಗಳಲ್ಲಿ ಏನನ್ನೂ ಕದಿಯದವನೂ ಹಾಜರಿ ಕೊಡಬೇಕಾಯಿತು. ಚೀಟಿಯಿಲ್ಲದೆ ಹೊರಗೆ ಹೋಗುವಂತಿರಲಿಲ್ಲ. ಆ ಕಾಯಿದೆ 1952ರಲ್ಲಿ ರದ್ದಾಯಿತು. ಹುಬ್ಬಳ್ಳಿಯ ಒಂದು ಬಡಾವಣೆಗೆ ‘ಸೆಟ್ಲಮೆಂಟ್’ ಎಂಬ ಹೆಸರು ಮಾತ್ರ ಉಳಿದುಕೊಂಡಿತು.

ಹತ್ತು ವರ್ಷಗಳ ಬಳಿಕ, 1962ರಲ್ಲಿ, ಖರಕ್ ಸಿಂಗ್ ಎಂಬವನ ಮೊಕದ್ದಮೆಯಲ್ಲಿ, ಪೋಲೀಸರು ರಾತ್ರಿ ಬಂದು ಮನೆಯ ಬಾಗಿಲು ಬಡಿಯುವುದು ತಪ್ಪೆಂದು ಸುಪ್ರೀಂ ಕೋರ್ಟು ಹೇಳಿತು. ಅವನ ಓಡಾಟದ ಮೇಲೆ ಕಣ್ಣಿಡುವುದು ತಪ್ಪಲ್ಲವೆಂದೂ ಹೇಳಿತು. ಕೈಯನ್ನು ತಡೆದು ಕಣ್ಣನ್ನು ಬಿಟ್ಟರು. ನ್ಯಾಯಮೂರ್ತಿ ಸುಬ್ಬರಾವ್ ಅವರು ಇದನ್ನು ಒಪ್ಪಲಿಲ್ಲ. ಸದಾ ಬೇರೊಬ್ಬರ ಕಣ್ಣಿನ ಕೆಳಗೆ ನಡೆಯುವವನು ಸ್ವತಂತ್ರನಲ್ಲವೆಂಬುದು ಅವರ ಅಭಿಪ್ರಾಯವಾಗಿತ್ತು. ಕರ್ನಾಟಕದ ಉಚ್ಚ ನ್ಯಾಯಾಲಯದಿಂದ ನಿವೃತ್ತರಾಗಿದ್ದ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ದಾವೆಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಒಬ್ಬಿಬ್ಬರ ಭಿನ್ನಮತವಾಗಿದ್ದ ಮಾತು ತೀರ್ಪಾಗುವುದಕ್ಕೆ ಸುಮಾರು 55 ವರ್ಷ ಹಿಡಿಯಿತು.